ಉಣ್ಣೆಗೆ ಹಾಕಿದ ಮದ್ದು ನಾಯಿಗೆ ವಿಷವಾಗದಂತೆ

ಪಶು ಔಷಧಿ ಅಂಗಡಿಯ ಮುಂದೆ ನಿಂತು "ನಾಯಿಗೆ ಉಣ್ಣೆ ಜಾಸ್ತಿಯಾಗಿದೆ, ಏನಾದ್ರೂ ಕೊಡಿ" ಎಂದರೆ ಸಾಕು, ಗಾಜಿನ ಕಪಾಟಿನಿಂದ ಆರೇಳು ಬಗೆಯ ಸರಕು ಕೆಳಗಿಳಿಯುತ್ತದೆ. ಮಾಂಸದ ವಾಸನೆಯ ಅಗಿಯುವ ಮಾತ್ರೆ, ಕತ್ತಿನ ಹಿಂದೆ ಸುರಿಯುವ ಪುಟ್ಟ ಪಿಪೆಟ್ಟು, ಸ್ಪ್ರೇ, ಪೌಡರು, ಶಾಂಪೂ, ಕೊರಳಪಟ್ಟಿ. ಬೆಲೆ ಕೇಳಿ ಗಿರಾಕಿ ಮುಖ ಸಣ್ಣಗೆ ಮಾಡಿದರೆ ಕೊನೆಯಲ್ಲಿ ಇನ್ನೊಂದು ಬರುತ್ತದೆ: ದನಗಳಿಗೆ ಹಾಕುವ ಬಾಟಲಿ. "ಇದನ್ನೇ ಒಂಚೂರು ನೀರಿಗೆ ಹಾಕಿ ತೊಳೀರಿ, ಎಲ್ಲಾ ಉದುರಿಹೋಗ್ತವೆ." ಅವನು ಹೇಳಿದ್ದು ಸುಳ್ಳೇನಲ್ಲ, ಉದುರುತ್ತವೆ. ಆದರೆ ಆ "ಒಂಚೂರು" ಎಂದರೆ ಎಷ್ಟು, ನಾಯಿಯ ತೂಕವೆಷ್ಟು, ಮನೆಯಲ್ಲಿ ಬೆಕ್ಕಿದೆಯೇ ಎಂದು ಅಂಗಡಿಯವನೂ ಕೇಳುವುದಿಲ್ಲ, ಗಿರಾಕಿಯೂ ಹೇಳುವುದಿಲ್ಲ.

ಗಿರಾಕಿ ಕೇಳುವುದು ಬೇರೆಯೇ ಪ್ರಶ್ನೆ: "ಇದರಲ್ಲಿ ಯಾವುದು ಸ್ಟ್ರಾಂಗು?" ಉಣ್ಣೆಯನ್ನು ಕೊಲ್ಲುವುದೇನೂ ದೊಡ್ಡ ವಿದ್ಯೆಯಲ್ಲ. ಸೀಮೆಎಣ್ಣೆಯೂ ಕೊಲ್ಲುತ್ತದೆ, ಬೆಂಕಿಕಡ್ಡಿಯೂ ಕೊಲ್ಲುತ್ತದೆ. ನಾಯಿಗೆ ನಂಜೇರದಂತೆ, ಅದರ ಪಕ್ಕ ಮಲಗುವ ಬೆಕ್ಕಿಗೆ ಅಪಾಯವಾಗದಂತೆ, ಅದನ್ನು ಅಪ್ಪಿಕೊಳ್ಳುವ ಮಗುವಿಗೆ ತಗಲದಂತೆ ಉಣ್ಣೆಯೊಂದನ್ನೇ ಸಾಯಿಸುವುದು ಕಷ್ಟ. ಆದ್ದರಿಂದ ಡಬ್ಬಿಯ ಮುಂಬದಿಯ ಚಿತ್ರಕ್ಕಿಂತ ಹಿಂಬದಿಯ ಸಣ್ಣ ಅಕ್ಷರಗಳು ಮುಖ್ಯ. ಒಳಗಿರುವ ರಾಸಾಯನಿಕ ಯಾವುದು, ಯಾವ ಪ್ರಾಣಿಗೆ, ಎಷ್ಟು ತೂಕ ಮತ್ತು ವಯಸ್ಸಿಗೆ ಎಂಬ ಮಾಹಿತಿ ಅಲ್ಲಿರುತ್ತದೆ.

ಮೊದಲು ಶತ್ರುವಿನ ಸ್ವಭಾವ ತಿಳಿಯಬೇಕು. ನಮ್ಮ ಮನೆಗಳ ನಾಯಿಗಳನ್ನು ಕಾಡುವುದು ಹೆಚ್ಚಾಗಿ ಕಂದು ನಾಯಿ ಉಣ್ಣೆ, ವಿಜ್ಞಾನಿಗಳ ಬಾಯಲ್ಲಿ ರೈಪಿಸೆಫಲಸ್ ಸ್ಯಾಂಗ್ವಿನಿಯಸ್. ಬೇರೆ ಜಾತಿಯ ಬಹಳಷ್ಟು ಉಣ್ಣೆಗಳಿಗೆ ಹುಲ್ಲು, ಪೊದೆ, ಇಲಿ, ದನ ಎಂದು ಹಲವು ಆಸರೆ ಬೇಕು. ಇದಕ್ಕೆ ಒಂದು ನಾಯಿ, ಒಂದು ಮನೆ ಇದ್ದರೆ ಸಾಕು. ಮರಿ, ಎಳೆಯದು, ಪ್ರೌಢ ಎಂಬ ಮೂರು ಹಂತಗಳಲ್ಲೂ ಅದು ನಾಯಿಯ ಮೈಗೇರಿ ರಕ್ತ ಕುಡಿಯುತ್ತದೆ, ಹೊಟ್ಟೆ ತುಂಬಿದ ಕೂಡಲೇ ಕೆಳಗೆ ಬೀಳುತ್ತದೆ, ಬಿರುಕು ಹುಡುಕಿ ಪೊರೆ ಬಿಡುತ್ತದೆ, ಮತ್ತೆ ಹತ್ತುತ್ತದೆ. ಕಡಲೆಬೀಜದಷ್ಟು ದಪ್ಪವಾಗಿ ಉದುರುವ ಬೂದು ಬಣ್ಣದ್ದು ಹೆಣ್ಣು. ಅದು ಒಮ್ಮೆಗೆ ಸಾವಿರಗಟ್ಟಲೆ, ಕೆಲವೊಮ್ಮೆ ನಾಲ್ಕು ಸಾವಿರದವರೆಗೂ ಮೊಟ್ಟೆ ಇಟ್ಟು ಸಾಯುತ್ತದೆ. ಈ ಜಾತಿಗೆ ಮೇಲಕ್ಕೆ ಹತ್ತುವ ಚಾಳಿಯಿದೆ. ಗೋಡೆಯ ಮೇಲೆ, ಕಿಟಕಿಯ ಚೌಕಟ್ಟಿನಲ್ಲಿ, ಪರದೆಯ ಮಡಿಕೆಯಲ್ಲಿ ಉಣ್ಣೆ ಹರಿಯುವುದನ್ನು ಕಂಡು ಮನೆಯವರು ಬೆಚ್ಚುವುದು ಇದರಿಂದಲೇ. ಕರಾವಳಿಯಲ್ಲಿ ಗಾರೆ ಬಳಿಯದ ಜಂಬಿಟ್ಟಿಗೆ ಗೋಡೆಯಿದ್ದರಂತೂ ಅದರ ಒಂದೊಂದು ತೂತೂ ಅವಕ್ಕೆ ಬಾಣಂತಿ ಕೋಣೆ. ಏನೂ ತಿನ್ನದೆ ಪ್ರೌಢ ಉಣ್ಣೆ ಒಂದು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು.

ಇದು ಗೊತ್ತಾದರೆ ಒಂದು ಹಳೆಯ ದೂರಿಗೆ ಉತ್ತರ ಸಿಗುತ್ತದೆ. "ಭಾನುವಾರ ತೊಳೆದಿದ್ದೆ, ಮುಂದಿನ ಭಾನುವಾರಕ್ಕೆ ಮತ್ತೆ ಅಷ್ಟೇ ಇವೆ, ಔಷಧಿ ಡೂಪ್ಲಿಕೇಟು" ಎಂಬ ದೂರು. ಔಷಧಿ ತನ್ನ ಕೆಲಸ ಮಾಡಿರುತ್ತದೆ. ಈಗ ಕಾಣುತ್ತಿರುವವು ಗೋಡೆಯಿಂದ ಇಳಿದು ಬಂದ ಹೊಸಬು. ಮನೆಯನ್ನು ಬಿಟ್ಟು ನಾಯಿಯನ್ನಷ್ಟೇ ತೊಳೆಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕಚ್ಚಿದರೆ ತುರಿಕೆ ಅಷ್ಟೇ ಎಂದುಕೊಂಡವರಿಗೆ ಬೆಂಗಳೂರಿನ ಯಾವ ಪಶುವೈದ್ಯರಾದರೂ "ಟಿಕ್ ಫೀವರ್" ಎಂಬ ಪದ ಹೇಳಿಕೊಡುತ್ತಾರೆ. ಅದು ಒಂದೇ ರೋಗದ ಹೆಸರಲ್ಲ, ಉಣ್ಣೆ ಹರಡುವ ಹಲವು ರೋಗಗಳಿಗೆ ಇಟ್ಟ ಒಟ್ಟು ಹೆಸರು. ಅವುಗಳಲ್ಲೊಂದರ ಇತಿಹಾಸ ನಮ್ಮ ಪಕ್ಕದಲ್ಲೇ ಶುರುವಾಗಿದೆ. ಮದ್ರಾಸ್ ಹಂಟ್ ಎಂಬ ಬ್ರಿಟಿಷರ ಬೇಟೆಕೂಟದ ನಾಯಿಗಳ ಕೆಂಪು ರಕ್ತಕಣದೊಳಗೆ ಹೊಸ ಪರಾವಲಂಬಿಯೊಂದು ಇರುವುದನ್ನು ಪ್ಯಾಟನ್ ಎಂಬ ಸಂಶೋಧಕ 1910ರಲ್ಲಿ ವರದಿ ಮಾಡಿದ. ಆಮೇಲೆ ಅದೇ ಜೀವಿ ನರಿಯ ರಕ್ತದಲ್ಲೂ ಸಿಕ್ಕಿತು. ಇಂದಿಗೂ ನಾಯಿಗಳ ರಕ್ತವನ್ನು ಬತ್ತಿಸುವ ಬೆಬೀಸಿಯಾ ಗಿಬ್ಸೋನಿ ಅದೇ. ಇನ್ನೊಂದು ಎರ್ಲಿಕಿಯಾ ಕ್ಯಾನಿಸ್, 1935ರಲ್ಲಿ ಅಲ್ಜೀರಿಯಾದಲ್ಲಿ ಪತ್ತೆಯಾದ ಬ್ಯಾಕ್ಟೀರಿಯಾ. ಮೂರು ದಶಕ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯ ನಾಯಿಗಳು, ಮುಖ್ಯವಾಗಿ ಜರ್ಮನ್ ಶೆಫರ್ಡ್‌ಗಳು, ಮೂಗಿನಲ್ಲಿ ರಕ್ತ ಸುರಿಸಿಕೊಂಡು ಒಂದರ ಹಿಂದೊಂದು ಸತ್ತಾಗ ಪ್ರಪಂಚದ ಗಮನ ಅತ್ತ ಹರಿಯಿತು. ಜ್ವರ, ಊಟ ಬಿಡುವುದು, ಬಿಳಿಚಿದ ವಸಡು, ಹೊಟ್ಟೆಯ ಚರ್ಮದ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ, ಮೂಗಿನ ರಕ್ತ: ಇವು ಕಂಡರೆ ಉಣ್ಣೆಯ ಔಷಧಿ ಹುಡುಕುವ ಹೊತ್ತು ಮೀರಿತು, ರಕ್ತಪರೀಕ್ಷೆಯ ಹೊತ್ತು ಬಂತು ಎಂದರ್ಥ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಎಂಬ ಸುಲಭದ ಮಾತ್ರೆಯಿದೆ, ಆದರೆ ಸುಮಾರು 4 ವಾರ ಬಿಡದೆ ಕೊಡಬೇಕು. ಬೆಬೀಸಿಯಾಕ್ಕೆ ಚಿಕಿತ್ಸೆ ಇನ್ನಷ್ಟು ಜಟಿಲ.

ಮಲೆನಾಡಿನವರು ಇಲ್ಲಿ ಮಂಗನ ಕಾಯಿಲೆಯ ಮಾತು ಎತ್ತುತ್ತಾರೆ, ಎತ್ತಬೇಕಾದದ್ದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ರೋಗವನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು, ಮನೆಯ ಗೋಡೆ ಹತ್ತುವ ಕಂದು ಉಣ್ಣೆಯಲ್ಲ. ಹಾಗೆಂದು ತರಗೆಲೆಯ ಮೇಲೆ ಹೊರಳಿ ಬಂದ ನಾಯಿಯನ್ನು ನೇರ ಅಡುಗೆಮನೆಗೆ ಬಿಟ್ಟುಕೊಳ್ಳುವುದು ಜಾಣತನವಲ್ಲ. ಕಾಡಂಚಿನ ಮನೆಗಳಲ್ಲಿ ನಾಯಿಗೆ ವರ್ಷವಿಡೀ ಔಷಧಿ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಈಗ ದನದ ಬಾಟಲಿಯ ವಿಚಾರ. ಅದರಲ್ಲಿರುವುದು ಸಾಮಾನ್ಯವಾಗಿ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಅಥವಾ ಅಮಿಟ್ರಾಜ್. ತಮಾಷೆಯೆಂದರೆ ಈ ರಾಸಾಯನಿಕಗಳು ನಾಯಿಗೆ ಹೊಸವಲ್ಲ. ಡೆಲ್ಟಾಮೆಥ್ರಿನ್ ಇರುವ ನಾಯಿಯ ಕೊರಳಪಟ್ಟಿಯೇ ಇದೆ, ಕಜ್ಜಿಯ ನಾಯಿಗಳಿಗೆ ವೈದ್ಯರು ಅಮಿಟ್ರಾಜ್ ಸ್ನಾನ ಹೇಳುವುದೂ ಉಂಟು. ವ್ಯತ್ಯಾಸವಿರುವುದು ಸಾಂದ್ರತೆಯಲ್ಲಿ, ಅದನ್ನು ಕರಗಿಸಿದ ದ್ರಾವಕದಲ್ಲಿ ಮತ್ತು ನಾಯಿಯ ನಾಲಿಗೆಯಲ್ಲಿ. ಕೊರಳಪಟ್ಟಿ ಹನಿಹನಿಯಾಗಿ ತಿಂಗಳುಗಟ್ಟಲೆ ಬಿಡುವುದನ್ನು ಬಾಟಲಿ ಒಂದೇ ಗಂಟೆಯಲ್ಲಿ ಮೈಗೆ ಮೆತ್ತುತ್ತದೆ, ನಾಯಿ ಅದನ್ನು ನೆಕ್ಕಿಯೇ ನೆಕ್ಕುತ್ತದೆ. ಮುಚ್ಚಳದಲ್ಲಿ ಅಳೆದು ಬಕೆಟ್ಟಿಗೆ ಸುರಿಯುವಾಗ ಒಂದು ಮುಚ್ಚಳ ಹೆಚ್ಚಾದರೆ ಎಮ್ಮೆ ತಡೆದುಕೊಂಡೀತು, 6 ಕೆ.ಜಿ.ಯ ಪೊಮೆರೇನಿಯನ್‌ಗೆ ಅದು ಜೊಲ್ಲು, ನಡುಕ, ತೂರಾಟ. ಅಮಿಟ್ರಾಜ್ ಹೆಚ್ಚಾದರೆ ನಾಯಿ ಮಂಕಾಗುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಸಕ್ಕರೆ ಕಾಯಿಲೆಯ ನಾಯಿಗೆ ಅದು ಬೇಡವೇ ಬೇಡ. "ಸ್ನಾನ ಮಾಡಿಸಿದ ಮೇಲೆ ಚೆನ್ನಾಗಿ ನಿದ್ದೆ ಮಾಡ್ತಿದೆ" ಎಂದು ಮನೆಯವರು ಖುಷಿಪಡುವುದು ಕೆಲವೊಮ್ಮೆ ಈ ಮಂಕನ್ನು ಕಂಡೇ. ಇದನ್ನು ಇಳಿಸುವ ಔಷಧಿ ವೈದ್ಯರ ಬಳಿ ಇರುತ್ತದೆ, ಆದರೆ ಏನು ಹಾಕಿದ್ದೀರಿ ಎಂದು ಅವರಿಗೆ ತಿಳಿಯಬೇಕು. ಆದ್ದರಿಂದ ಬಾಟಲಿಯನ್ನು ಎಸೆಯದೆ ಜೊತೆಗೇ ಒಯ್ಯಬೇಕು.

ಇದೇ ಸಾಲಿನ ಪರ್ಮೆಥ್ರಿನ್ ನಾಯಿಗೆ ಒಗ್ಗುತ್ತದೆ, ಬೆಕ್ಕಿಗೆ ಪ್ರಾಣಾಂತಿಕ. ಅದನ್ನು ಅರಗಿಸಿ ಹೊರಹಾಕಲು ಬೇಕಾದ ಯಕೃತ್ತಿನ ವ್ಯವಸ್ಥೆ ಬೆಕ್ಕಿನಲ್ಲಿ ತೀರಾ ದುರ್ಬಲ. ನಾಯಿಯ ಬೆನ್ನಿಗೆ ಸುರಿದದ್ದು ಒಣಗುವ ಮೊದಲೇ ಬೆಕ್ಕು ಅದರ ಪಕ್ಕ ಮುದುರಿ ಮಲಗಿದರೂ ಸಾಕು. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಎಂದು ಬರೆದ ಯಾವ ಡಬ್ಬಿಯನ್ನೂ ಮುಟ್ಟದಿರುವುದು ಕ್ಷೇಮ. ಬೆಕ್ಕಿನ ಬದಲು ಮೊಲವಿದ್ದರೆ ಎಚ್ಚರ ಇನ್ನೊಂದು ಹೆಸರಿನ ಬಗ್ಗೆ: ಫಿಪ್ರೊನಿಲ್.

"ಒಂದು ಇಂಜೆಕ್ಷನ್ ಹಾಕಿಸಿಬಿಡಿ, ಕಿರಿಕಿರಿಯೇ ಇಲ್ಲ" ಎಂಬ ಸಲಹೆಯೂ ಊರೂರಲ್ಲಿದೆ. ಆ ಇಂಜೆಕ್ಷನ್ ಬಹುತೇಕ ಐವರ್‌ಮೆಕ್ಟಿನ್. ಮನುಷ್ಯರ ನದಿಕುರುಡನ್ನು ಹಿಮ್ಮೆಟ್ಟಿಸಿ 2015ರಲ್ಲಿ ತನ್ನ ಶೋಧಕರಿಗೆ ನೊಬೆಲ್ ತಂದುಕೊಟ್ಟ ದೊಡ್ಡ ಔಷಧಿ ಅದು. ನಾಯಿಗಳ ಹೃದಯಹುಳುವಿಗೆ ಕೊಡುವ ಅತಿ ಸಣ್ಣ ಪ್ರಮಾಣದಲ್ಲಿ ಸುರಕ್ಷಿತವೂ ಹೌದು. ಉಣ್ಣೆಗೆಂದು ಚುಚ್ಚುವಾಗ ಮಾತ್ರ ಆ ಪ್ರಮಾಣವನ್ನು ಹಲವು ಹತ್ತು ಪಟ್ಟು ಏರಿಸುತ್ತಾರೆ, ಆದರೂ ಕಂದು ಉಣ್ಣೆಯ ಮೇಲೆ ಅದರ ಪರಿಣಾಮ ನೆಚ್ಚುವಂಥದ್ದಲ್ಲ. ಕೋಲಿ ತಳಿಯ ನಾಯಿಗಳು ಅದಕ್ಕೆ ಏಕೆ ಬಲಿಯಾಗುತ್ತವೆ ಎಂಬ ಒಗಟನ್ನು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಬಿಡಿಸಿದರು. ಮಿದುಳಿಗೆ ಔಷಧಿ ನುಗ್ಗದಂತೆ ತಡೆಯುವ ಎಂಡಿಆರ್1 ಎಂಬ ವಂಶವಾಹಿ ಅವುಗಳಲ್ಲಿ ಮುರಿದಿತ್ತು. ಕೆಲವು ಜರ್ಮನ್ ಶೆಫರ್ಡ್‌ಗಳಲ್ಲೂ ಈ ದೋಷ ಸಿಕ್ಕಿದೆ. ಯಾವ ನಾಯಿಯಲ್ಲಿದೆ ಎಂದು ಮೈಬಣ್ಣ ನೋಡಿ ಹೇಳಲಾಗದು. ಇದಕ್ಕಿಂತ ಒಳ್ಳೆಯ ಔಷಧಿಗಳು ಇರುವಾಗ ಈ ಜೂಜು ಯಾಕೆ?

ಆ ಒಳ್ಳೆಯ ಔಷಧಿಗಳೆಂದರೆ ಮಾತ್ರೆಗಳು. ಐಸಾಕ್ಸಜೋಲಿನ್ ಎಂಬ ಗುಂಪಿನವು: ಅಫಾಕ್ಸೊಲನರ್, ಫ್ಲುರಲನರ್, ಸರೊಲನರ್, ಲೋಟಿಲನರ್. ಅಂಗಡಿಯಲ್ಲಿ ಕೇಳಿಬರುವ ನೆಕ್ಸ್‌ಗಾರ್ಡ್, ಬ್ರಾವೆಕ್ಟೊ, ಸಿಂಪಾರಿಕಾ ಇವುಗಳ ಮಾರಾಟದ ಹೆಸರುಗಳು. ಅಮೆರಿಕದಲ್ಲಿ ಇವಕ್ಕೆ ಅನುಮತಿ ಸಿಗತೊಡಗಿದ್ದು 2013ರಿಂದ. ಔಷಧಿ ನಾಯಿಯ ರಕ್ತದಲ್ಲಿರುತ್ತದೆ, ಕಚ್ಚಿದ ಉಣ್ಣೆಯ ನರಗಳು ಹದ್ದುಮೀರಿ ಮಿಡಿದು ಅದು ಸಾಯುತ್ತದೆ. ಕೀಟ ಮತ್ತು ಉಣ್ಣೆಗಳ ನರಗಳಿಗೆ ಅಂಟಿಕೊಳ್ಳುವಷ್ಟು ಬಲವಾಗಿ ಸಸ್ತನಿಗಳ ನರಗಳಿಗೆ ಅಂಟದಿರುವುದೇ ಇವುಗಳ ಸುರಕ್ಷತೆಯ ಗುಟ್ಟು. ಸ್ನಾನ ಮಾಡಿಸಿದರೆ ತೊಳೆದುಹೋಗುವುದಿಲ್ಲ, ಮಗು ಮುಟ್ಟಿದರೆ ಕೈಗೆ ಹತ್ತುವುದಿಲ್ಲ, ಬೆಕ್ಕು ಪಕ್ಕದಲ್ಲಿ ಮಲಗಿದರೂ ಚಿಂತೆಯಿಲ್ಲ. ವಾರಕ್ಕೊಮ್ಮೆ ಶಾಂಪೂ ಹಾಕುವ ಅಪಾರ್ಟ್‌ಮೆಂಟಿನ ಲ್ಯಾಬ್ರಡಾರ್‌ಗೆ ಈ ಅಂಕಣದ ಮತ ಇದಕ್ಕೇ.

ಆದರೂ ಕಣ್ಣುಮುಚ್ಚಿ ನುಂಗಿಸುವಂಥದ್ದಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಈ ಇಡೀ ಗುಂಪಿನ ಬಗ್ಗೆ ಎಚ್ಚರಿಕೆ ಹೊರಡಿಸಿತು. ಕೆಲವು ನಾಯಿಗಳಲ್ಲಿ ಸ್ನಾಯು ನಡುಕ, ತೂರಾಟ, ಫಿಟ್ಸ್ ಕಂಡಿವೆ ಎಂದಿತು. ಔಷಧಿಗಳನ್ನು ಹಿಂದಕ್ಕೆ ಪಡೆಯಲಿಲ್ಲ, ಬಹುತೇಕ ನಾಯಿಗಳಿಗೆ ಇವು ಸುರಕ್ಷಿತ ಎಂದೇ ಉಳಿಸಿಕೊಂಡಿತು. ಹಾಗಾಗಿ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಅಂಥ ನಾಯಿಗೆ ಬೇರೆ ದಾರಿ ಹುಡುಕುವುದು ಲೇಸು. ವಾಂತಿ, ಭೇದಿ, ಒಂದೆರಡು ದಿನ ಊಟ ಬೇಡವೆನ್ನುವುದು ಸಾಮಾನ್ಯವಾಗಿ ಕಾಣುವ ತೊಂದರೆಗಳು.

ಪ್ರಮಾಣದ ವಿಚಾರದಲ್ಲಿ ನಮ್ಮವರ ಉಳಿತಾಯ ಬುದ್ಧಿ ಕೈಕೊಡುತ್ತದೆ. ಅಫಾಕ್ಸೊಲನರ್ ಮಾತ್ರೆ 2ರಿಂದ 4, 4ರಿಂದ 10, 10ರಿಂದ 25, 25ರಿಂದ 50 ಕೆ.ಜಿ. ಎಂದು ತೂಕದ ಪಟ್ಟಿಗಳಲ್ಲಿ ಬರುತ್ತದೆ, ತಿಂಗಳಿಗೊಂದು. ದೊಡ್ಡ ನಾಯಿಯ ಮಾತ್ರೆ ಕೊಂಡು ನಾಲ್ಕು ತುಂಡು ಮಾಡಿ ನಾಲ್ಕು ಸಣ್ಣ ನಾಯಿಗಳಿಗೆ ಹಂಚುವವರಿದ್ದಾರೆ. ಅಗಿಯುವ ಮಾತ್ರೆಯ ಪ್ರತಿ ತುಣುಕಿನಲ್ಲೂ ಔಷಧಿ ಸಮನಾಗಿ ಹರಡಿದೆ ಎಂಬ ಖಾತ್ರಿ ಯಾರೂ ಕೊಟ್ಟಿಲ್ಲ. ಒಂದಕ್ಕೆ ಕಡಿಮೆಯಾಗಿ ಉಣ್ಣೆ ಬದುಕುತ್ತದೆ, ಇನ್ನೊಂದಕ್ಕೆ ಹೆಚ್ಚಾಗುತ್ತದೆ. ಫ್ಲುರಲನರ್ ಸುಮಾರು 12 ವಾರ ಕೆಲಸ ಮಾಡುತ್ತದೆ, ಆದರೆ ಖಾಲಿ ಹೊಟ್ಟೆಗೆ ಕೊಟ್ಟರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಊಟದ ಜೊತೆಗೇ ಕೊಡಬೇಕು. ಫಿಟ್ಸ್ ಭಯವಿರುವವರಿಗೆ ಈ ದೀರ್ಘಾಯುಷ್ಯವೇ ಅನನುಕೂಲ: ಒಮ್ಮೆ ನುಂಗಿಸಿದ್ದನ್ನು ವಾರಗಟ್ಟಲೆ ಹೊರತೆಗೆಯಲಾಗದು. ಮೊದಲ ಸಲ ತಿಂಗಳ ಮಾತ್ರೆ ಕೊಟ್ಟು ನೋಡಿ, ಒಗ್ಗಿದರೆ ಆಮೇಲೆ ಮೂರು ತಿಂಗಳದ್ದಕ್ಕೆ ಹೋಗುವುದು ವಿವೇಕ.

ಮಾತ್ರೆಗೊಂದು ಮಿತಿಯಿದೆ. ಸಾಯಬೇಕಾದರೆ ಉಣ್ಣೆ ಮೊದಲು ಕಚ್ಚಲೇಬೇಕು. ಎರ್ಲಿಕಿಯಾ ಮಾತ್ರ ಕಚ್ಚಿದ ಕೆಲವೇ ಗಂಟೆಗಳಲ್ಲಿ ದಾಟಿಬಿಡಬಲ್ಲದು. ಬೆಬೀಸಿಯಾ ಸಾಮಾನ್ಯವಾಗಿ ಒಂದೆರಡು ದಿನ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಮಾತ್ರೆ ಉಣ್ಣೆಯನ್ನು ಮುಗಿಸಿರುತ್ತದೆ. ರೋಗ ಹೆಚ್ಚಿರುವ ಬಡಾವಣೆಗಳಲ್ಲಿ ಮಾತ್ರೆಯ ಜೊತೆಗೆ ಉಣ್ಣೆ ಕಚ್ಚದಂತೆ ತಡೆಯುವ ಕೊರಳಪಟ್ಟಿಯನ್ನೂ ವೈದ್ಯರು ಹೇಳುವುದು ಇದಕ್ಕೇ. ಪಟ್ಟಿ ಸಡಿಲವಾಗಿ ಆಭರಣದಂತೆ ತೂಗಾಡಿದರೆ ಪ್ರಯೋಜನವಿಲ್ಲ, ಚರ್ಮಕ್ಕೆ ತಾಗಬೇಕು, ನಡುವೆ ಎರಡು ಬೆರಳು ತೂರುವಷ್ಟು ಜಾಗವಿರಬೇಕು.

ಕತ್ತಿನ ಹಿಂದೆ ಸುರಿಯುವ ಫಿಪ್ರೊನಿಲ್ ಹಳೆಯದು, ಅಗ್ಗದ್ದು, ಫಿಟ್ಸ್ ಇರುವ ನಾಯಿಗಳಿಗೆ ವೈದ್ಯರು ಮೊದಲು ಯೋಚಿಸುವಂಥದ್ದು. ಅದು ಚರ್ಮದ ಜಿಡ್ಡಿನ ಗ್ರಂಥಿಗಳಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಆದ್ದರಿಂದ ಹಾಕುವ 2 ದಿನ ಮೊದಲು ಮತ್ತು 2 ದಿನ ನಂತರ ಸ್ನಾನ ಬೇಡ. ಕೂದಲಿನ ಮೇಲೆ ಸುರಿದರೆ ದುಡ್ಡು ದಂಡ, ಕೂದಲು ಬಿಡಿಸಿ ಚರ್ಮಕ್ಕೇ ಹನಿಸಬೇಕು. ಡಬ್ಬಿಯ ಮೇಲೆ "ಪ್ಲಸ್" ಎಂದಿದ್ದರೆ ಉಣ್ಣೆಗೆ ಇಮ್ಮಡಿ ಬಲ ಎಂದುಕೊಳ್ಳುವುದೂ ತಪ್ಪು. ಜೊತೆಗೆ ಸೇರಿಸಿದ ಮೆಥೊಪ್ರೀನ್ ಚಿಗಟದ ಮೊಟ್ಟೆಗಳಿಗಾಗಿ. ಅಮೆರಿಕದ ಕೆಲವೆಡೆ ಕಂದು ಉಣ್ಣೆ ಫಿಪ್ರೊನಿಲ್, ಪರ್ಮೆಥ್ರಿನ್ ಎರಡಕ್ಕೂ ಪಳಗಿದ್ದು ದಾಖಲಾಗಿದೆ, ಭಾರತದ ದನಗಳ ಉಣ್ಣೆ ಡೆಲ್ಟಾಮೆಥ್ರಿನ್‌ಗೆ ಪಳಗಿ ವರ್ಷಗಳೇ ಆದವು. ಸರಿಯಾಗಿ ಹಾಕಿಯೂ ನಾಟದಿದ್ದರೆ ಅದನ್ನೇ ಎರಡು ಪಟ್ಟು ಸುರಿಯದೆ ಬೇರೆ ಗುಂಪಿನ ಔಷಧಿಗೆ ಬದಲಾಯಿಸಬೇಕು.

ತೀರಾ ಎಳೆಯ ಮರಿಗಳದು ಬೇರೆಯೇ ಲೆಕ್ಕ. ಅಫಾಕ್ಸೊಲನರ್ 8 ವಾರ ತುಂಬಿ 2 ಕೆ.ಜಿ. ದಾಟಿದ ಮೇಲೆ. ಅದಕ್ಕೂ ಮೊದಲು ಚಿಮಟದಿಂದ ಒಂದೊಂದಾಗಿ ಕೀಳುವುದು, ಇಲ್ಲವೇ ವೈದ್ಯರು ಅಳೆದು ಹೇಳಿದಷ್ಟೇ ಫಿಪ್ರೊನಿಲ್ ಸ್ಪ್ರೇ. ಕೀಳುವಾಗ ಚರ್ಮದ ಹತ್ತಿರ ಹಿಡಿದು ನೇರ ಎಳೆಯಬೇಕು, ಕಿತ್ತದ್ದನ್ನು ಉಗುರಿನಲ್ಲಿ ಕುಕ್ಕದೆ ಸ್ಪಿರಿಟ್ಟಿಗೋ ಸೋಪಿನ ನೀರಿಗೋ ಹಾಕಬೇಕು. ಹಿಂಡಿದರೆ ಅದರೊಳಗಿನ ರಕ್ತ ಕೈಗೆ ಮೆತ್ತುತ್ತದೆ.

ಮನೆಮದ್ದಿನ ಬಗ್ಗೆ ಹೇಳದಿದ್ದರೆ ಓದುಗರ ಪತ್ರ ಖಂಡಿತ. ಬೇವಿನ ಎಣ್ಣೆ, ಹೊಂಗೆ ಎಣ್ಣೆ ತೆಳುವಾಗಿ ಸವರಿದರೆ ಹಾನಿ ಕಡಿಮೆ, ವಾಸನೆಗೆ ಕೆಲವು ಉಣ್ಣೆ ದೂರ ನಿಂತಾವು, ಆದರೆ ಅದನ್ನೇ ನೆಚ್ಚಿ ಕೂರುವಂತಿಲ್ಲ. ಹೊಗೆಸೊಪ್ಪಿನ ಕಷಾಯ ಮಾತ್ರ ಬೇಡ, ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣುಗುಡ್ಡೆಗೇ ಗಾಯ. ಬೆಳ್ಳುಳ್ಳಿ ತಿನ್ನಿಸಿದರೆ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ, ಉಣ್ಣೆ ಮಾಡುವ ಕೆಲಸವನ್ನು ನಾವೇ ಮಾಡಿದಂತೆ. ಸೀಮೆಎಣ್ಣೆ, ಫಿನೈಲು ಮೈ ಸುಡುತ್ತವೆ. ಹಿರಿಯರು ಈಗಲೂ ನೆನೆಯುವ ಬಿ.ಎಚ್.ಸಿ. ಪುಡಿಯನ್ನು ಸರ್ಕಾರ 1997ರಲ್ಲೇ ನಿಷೇಧಿಸಿದೆ.

ಇನ್ನು ಗೋಡೆ. ಮಾತ್ರೆ ಕೊಟ್ಟ ಮನೆಯಲ್ಲಿ ನಾಯಿಯೇ ಉಣ್ಣೆಗಳಿಗೆ ಬೋನು: ಹಸಿದದ್ದು ಬಂದು ಕಚ್ಚುತ್ತದೆ, ಸಾಯುತ್ತದೆ. ಆದರೆ ಬಿರುಕುಗಳಲ್ಲಿ ಕೂತ ದಾಸ್ತಾನು ಖರ್ಚಾಗಲು ತಿಂಗಳುಗಳೇ ಬೇಕು. ಅನೇಕರು ಎರಡನೆಯ ಮಾತ್ರೆಯನ್ನು ತಪ್ಪಿಸುವುದು, ಉಣ್ಣೆ ಕಾಣುತ್ತಿಲ್ಲವಲ್ಲ ಎಂದು, ಸರಿಯಾಗಿ ಆಗಲೇ. ಈ ನಡುವೆ ಬಿರುಕಿಗೆ ಸಿಮೆಂಟು ಮೆತ್ತಬೇಕು, ಗೋಣಿಚೀಲದ ಹಾಸಿಗೆಯನ್ನು ಸುಟ್ಟು ಬಿಸಾಡಬೇಕು, ಬಟ್ಟೆ ಹಾಸಿದ್ದರೆ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ದನದ ಬಾಟಲಿಗೆ ನಿಜವಾದ ಉಪಯೋಗವಿದ್ದರೆ ಅದು ಇಲ್ಲಿ, ನಾಯಿಯ ಗೂಡಿನ ಗೋಡೆಗೆ, ಲೇಬಲ್ಲಿನ ಅಳತೆಯಲ್ಲಿ. ಪೂರ್ತಿ ಒಣಗುವವರೆಗೆ ನಾಯಿ, ಬೆಕ್ಕು, ಮಕ್ಕಳು ಹೊರಗಿರಬೇಕು, ಮೀನಿನ ತೊಟ್ಟಿ ಹತ್ತಿರವಿರಕೂಡದು.

ಇಷ್ಟೆಲ್ಲ ಮಾಡಿದರೂ ಗೇಟಿನಾಚೆ ಮಲಗುವ ಬೀದಿನಾಯಿಯಿಂದ ಹೊಸ ಸಾಲು ಶುರುವಾಗುತ್ತದೆ. ಬೀದಿನಾಯಿಗಳಿಗೆ ಅನ್ನ ಹಾಕುವ ಕೆಲವರು ಈಗ ಮೂರು ತಿಂಗಳ ಮಾತ್ರೆಯನ್ನು ಕೋಳಿಮಾಂಸದೊಳಗೆ ಇಟ್ಟು ತಿನ್ನಿಸುತ್ತಿದ್ದಾರೆ. ಪ್ರತಿ ತಿಂಗಳೂ ಹಿಡಿಯಲಾಗದ ನಾಯಿಗೆ ಇದು ಒಪ್ಪುವ ಉಪಾಯ, ಹೇಗಿದ್ದರೂ ಊಟದ ಜೊತೆಗೇ ಹೋಗುತ್ತದೆ. ಬಸುರಿ ಮತ್ತು ಹಾಲೂಡಿಸುವ ನಾಯಿಗಳಿಗೂ ಫ್ಲುರಲನರ್ ಕೊಡಬಹುದೆಂದು ಯುರೋಪಿನ ಲೇಬಲ್ ಹೇಳುತ್ತದೆ. ಅವರು ಗಮನಿಸಬೇಕಾದದ್ದು ಎರಡೇ: ಗುಂಪಿನ ದೊಡ್ಡ ಗಂಡು ಎರಡು ನಾಯಿಗಳ ಪಾಲನ್ನೂ ಕಸಿದು ನುಂಗದಂತೆ ಒಂದೊಂದನ್ನೇ ಬೇರೆ ಕರೆದು ಕೊಡಬೇಕು, ಮತ್ತು ಯಾವ ನಾಯಿಗೆ ಯಾವ ತಾರೀಖು ಕೊಟ್ಟೆವೆಂದು ಎಲ್ಲಾದರೂ ಬರೆದಿಡಬೇಕು, ಯಾಕೆಂದರೆ ಪಕ್ಕದ ಬೀದಿಯವರೂ ಅದೇ ನಾಯಿಗೆ ಅದೇ ಮಾತ್ರೆ ಹಾಕುತ್ತಿರಬಹುದು.